ಮನೆ ಮಂದಿಗೆಲ್ಲ ಒಂದೊಂದು ಫೋನಾ, ಮನೆಗೊಂದೇ ಫೋನಾ?

"ಅಕ್ಕಾರ, ಮನ್ಯಾಗ ಐದ್ ಮಂದಿ ಅದೀವ್ರಿ. ಎಲ್ಲಾರ್ಗೂ ಒಂದೊಂದ್ ಟಚ್ ಫೋನ್ ಕೊಡಸ್ಬೇಕೋ, ಇಲ್ಲಾ ಎರಡ್ರಾಗ ನಡೀತೈತೋ?"

ಬಾಗಲಕೋಟೆ ನವನಗರದಲ್ಲಿ ನಮ್ಮದೊಂದು ಸಣ್ಣ ಮೊಬೈಲ್ ಅಂಗಡಿ ಇದೆ. ಬೆಳಗ್ಗೆ ಯಜಮಾನರು ಕೂರುತ್ತಾರೆ, ಮಧ್ಯಾಹ್ನದಿಂದ ನಾನು. ಜೂನ್‌ನಲ್ಲಿ ಶಾಲೆ ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರು. ಬಂದವರು ಮೊದಲು ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು ಅಂತ ಕೇಳುತ್ತಾರೆ. ಐದು ನಿಮಿಷ ಮಾತಾಡಿದರೆ ನಿಜವಾದ ತಾಪತ್ರಯ ಹೊರಗೆ ಬರುತ್ತದೆ. ಸಂಜೆ ಹುಡುಗನನ್ನು ಟ್ಯೂಷನ್‌ನಿಂದ ಕರೆತರುವವರು ಯಾರು? ಮಾವನವರ ಬಿಪಿ ಗುಳಿಗೆ ಮುಗಿದದ್ದು ಯಾರಿಗೆ ಗೊತ್ತು? ಗ್ಯಾಸ್ ಬುಕ್ ಆಯಿತಾ? ಇದಕ್ಕೆಲ್ಲ ಕ್ಯಾಮೆರಾ ಏನು ಮಾಡುತ್ತದೆ ಹೇಳಿ.

ಹಾಗಾಗಿ ಇಲ್ಲಿ ನಾನು ಯಾವ ಕಂಪನಿಯ ಫೋನ್ ಒಳ್ಳೆಯದು ಅಂತ ಹೇಳಲು ಹೋಗುವುದಿಲ್ಲ. ಮನೆಯಲ್ಲಿ ಫೋನ್‌ಗಳನ್ನು ಹಂಚಿಕೊಂಡು ನಡೆಸುವ ನಾಲ್ಕು ರೀತಿಗಳನ್ನು ಅಳೆದು ನೋಡುತ್ತೇನೆ. ಎಲ್ಲರಿಗೂ ಸಾದಾ ಫೋನ್. ಮನೆಗೊಂದೇ ಟಚ್ ಫೋನ್. ಎಲ್ಲರಿಗೂ ಟಚ್ ಫೋನ್, ಜೊತೆಗೊಂದು ವಾಟ್ಸಾಪ್ ಗ್ರೂಪ್. ಕೊನೆಯದು, ಗ್ರೂಪ್ ಜೊತೆಗೆ ಎಲ್ಲರೂ ನೋಡುವ ಒಂದೇ ಕ್ಯಾಲೆಂಡರ್.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು, ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟುತ್ತದಾ? ಮನೆಯಲ್ಲಿ ಫೋನ್ ಅತಿ ಕಡಿಮೆ ಗೊತ್ತಿರುವವರು ಯಾರೋ ಅವರನ್ನು ಇಟ್ಟುಕೊಂಡು ಲೆಕ್ಕ ಹಾಕಿ. ಕಾಲೇಜಿಗೆ ಹೋಗುವ ಮಗ ಹೇಗಾದರೂ ಕಲಿತುಕೊಳ್ಳುತ್ತಾನೆ. ಓದಲು ಬಾರದ ಅಜ್ಜಿಗೆ ಮುಟ್ಟದಿದ್ದರೆ ಅರ್ಧ ಮನೆಗೆ ಮುಟ್ಟಲಿಲ್ಲ ಅಂತಲೇ ಅರ್ಥ.

ಎರಡನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ನೆನಪಿಡುವ ಕೆಲಸ ಯಾರ ತಲೆಯ ಮೇಲಿದೆ? ಬಹಳ ಮನೆಗಳಲ್ಲಿ ಅದು ತಾಯಿಯ ತಲೆಯ ಮೇಲೆ. ಹೊಸ ಫೋನ್ ಬಂದ ಮೇಲೂ ಎಲ್ಲರೂ ಅವಳಿಗೇ ಫೋನ್ ಮಾಡಿ "ನನ್ನ ಕಾರ್ಡ್ ಎಲ್ಲಿದೆ", "ನಾಳೆ ಎಷ್ಟು ಗಂಟೆಗೆ" ಅಂತ ಕೇಳುತ್ತಿದ್ದರೆ, ಕೊಟ್ಟ ದುಡ್ಡು ದಂಡ. ಮೊದಲು ಮನೆಗೆ ಬಂದು ಕೇಳುತ್ತಿದ್ದರು, ಈಗ ಬಸ್ಸಿನಲ್ಲಿ ನಿಂತಿದ್ದಾಗಲೂ ಕೇಳುತ್ತಾರೆ, ಅಷ್ಟೇ.

ಮೂರನೆಯದು ಖರ್ಚು. ಫೋನಿನ ಬೆಲೆ ಒಂದೇ ಸಲ ಹೋಗುತ್ತದೆ, ರೀಚಾರ್ಜ್ ಬಿಡುವುದಿಲ್ಲ. 28 ದಿನದ ಪ್ಯಾಕ್ ಅಂದರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ. ಇದನ್ನು ಹೇಳಿದಾಗ ಕೌಂಟರ್ ಆಚೆ ಒಂದು ಕ್ಷಣ ಮೌನ.

ಆಮೇಲೆ ಚಾರ್ಜ್, ನೆಟ್‌ವರ್ಕ್. ಹೊಲ, ಮಗ್ಗ, ಫ್ಯಾಕ್ಟರಿ, ಎಲ್ಲಿ ಬೇಕೋ ಅಲ್ಲಿ ಫೋನ್ ಬದುಕಿರಬೇಕು. ಕೊನೆಗೆ ದುಡ್ಡಿನ ಸುರಕ್ಷತೆ ಮತ್ತು ಮಕ್ಕಳು. ಇವೆರಡನ್ನೂ ಆಮೇಲೆ ನೋಡೋಣ.

ಎಲ್ಲರಿಗೂ ಸಾದಾ ಫೋನ್, ಗೋಡೆಗೆ ಕ್ಯಾಲೆಂಡರ್

ಇದನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ನಮ್ಮ ಅತ್ತೆ ಗುಳೇದಗುಡ್ಡದಲ್ಲಿದ್ದಾರೆ. ಖಣ ನೇಯುವ ಮನೆ. ಅವರ ಫೋನ್ ಇರುವುದು ಎಲೆ-ಅಡಿಕೆ ಸಂಚಿಯಲ್ಲಿ. ಒಂದು ಸಲ 3ರ ಬಟನ್ ಒತ್ತಿದರೆ ಒಳಗೇ ಕೂತುಬಿಡುತ್ತದೆ ಅಂತ ರಿಪೇರಿಗೆ ತಂದರು. ಬಿಚ್ಚಿ ನೋಡಿದರೆ ಸಂದಿಯಲ್ಲೆಲ್ಲ ಸುಣ್ಣ. ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಕೊಟ್ಟೆ, ಇವತ್ತಿಗೂ ನಡೆಯುತ್ತಿದೆ. ಟಚ್ ಫೋನ್ ಆಗಿದ್ದರೆ ಆ ಸಂಚಿಯಲ್ಲಿ ಒಂದು ತಿಂಗಳು ಬಾಳುತ್ತಿರಲಿಲ್ಲ.

ಅವರಿಗೆ ಹೆಸರು ಓದಲು ಬರುವುದಿಲ್ಲ. ಅದಕ್ಕೇ ಸ್ಪೀಡ್ ಡಯಲ್ ಹಾಕಿದ್ದೇವೆ. 2 ಒತ್ತಿ ಹಿಡಿದರೆ ಮಗ, 3 ಹಿಡಿದರೆ ನಾನು, 4 ಹಿಡಿದರೆ ಮಗಳು. 5 ಮತ್ತು 9ಕ್ಕೆ ಯಾರನ್ನೂ ಹಾಕಿಲ್ಲ. 2017ರಿಂದ ದೇಶದಲ್ಲಿ ಮಾರುವ ಸಾದಾ ಫೋನ್‌ಗಳಲ್ಲಿ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು ಅನ್ನುವ ನಿಯಮವಿದೆ. ಆ ಕರೆ ಈಗ 112ಕ್ಕೆ. ನಿಮ್ಮ ಸೆಟ್‌ನಲ್ಲಿ ಯಾವ ಬಟನ್ ಅಂತ ಮೊದಲೇ ಸೆಟ್ಟಿಂಗ್‌ನಲ್ಲಿ ನೋಡಿಕೊಂಡು ಅದನ್ನು ಖಾಲಿ ಬಿಡಿ. ಇಲ್ಲವಾದರೆ ಅಜ್ಜಿ ಮೊಮ್ಮಗಳನ್ನು ಮಾತಾಡಿಸಲು ಹೋಗಿ ಪೊಲೀಸರನ್ನು ಮಾತಾಡಿಸುತ್ತಾರೆ.

ಮೊದಲ ಅಳತೆಯಲ್ಲಿ ಸಾದಾ ಫೋನ್‌ಗೆ ಪೂರ್ತಿ ಅಂಕ. ರಿಂಗ್ ಆದರೆ ಎತ್ತುತ್ತಾರೆ, ಸುದ್ದಿ ಮುಟ್ಟುತ್ತದೆ. ಖರ್ಚಿನಲ್ಲೂ ಗೆಲ್ಲುತ್ತದೆ. ಇಂಟರ್ನೆಟ್ ಬೇಡದವರಿಗೆ ಬರೀ ಮಾತು ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕೊಡಬೇಕು ಅಂತ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶ ಮಾಡಿತು. 2025ರ ಜನವರಿಯಲ್ಲಿ ಅಂಥ ಪ್ಯಾಕ್‌ಗಳು ಬಂದವು. ಬಂದಾಗ 84 ದಿನಕ್ಕೆ ಸುಮಾರು 450ರಿಂದ 470 ರೂಪಾಯಿ ಇತ್ತು, ವರ್ಷಕ್ಕೆ ಹೆಚ್ಚುಕಡಿಮೆ 2,000. ಅಂಗಡಿಯವರು ತಾವಾಗಿ ಹೇಳದೆ ಇರಬಹುದು, ನೀವೇ ಕೇಳಿ. (ನಾನೂ ಅಂಗಡಿಯವಳೇ, ಅದಕ್ಕೇ ಹೇಳುತ್ತಿದ್ದೇನೆ.)

ಕೊಳ್ಳುವ ಮುಂಚೆ ಸಿಮ್ ಯಾವುದು ಅಂತ ನೋಡಿ. ಜಿಯೋಗೆ 2ಜಿ ಇಲ್ಲ, ಹಳೆಯ 2ಜಿ ಸೆಟ್‌ನಲ್ಲಿ ಆ ಸಿಮ್ ನಡೆಯುವುದಿಲ್ಲ. 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಥರದ ಫೋನ್‌ನಲ್ಲಿ ಬೇರೆ ಸಿಮ್ ನಡೆಯುವುದಿಲ್ಲ. ಸೆಟ್ ತಗೊಂಡು ಹೋಗಿ ಮರುದಿನ ವಾಪಸ್ ತರುವವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ.

ಸೋಲುವುದು ಎಲ್ಲಿ? ಶಾಲೆಯವರು ಹೋಮ್‌ವರ್ಕ್‌ನ ಫೋಟೋ ಹಾಕುತ್ತಾರೆ, ಡಾಕ್ಟರ್ ರಿಪೋರ್ಟ್ ಪಿಡಿಎಫ್‌ನಲ್ಲಿ ಕಳಿಸುತ್ತಾರೆ. ಶಾಲೆಗೆ ಹೋಗುವ ಮಗುವಿರುವ ಮನೆಯಲ್ಲಿ ಬರೀ ಸಾದಾ ಫೋನ್ ಈಗ ಕಷ್ಟ. ನೆನಪಿಡುವುದಕ್ಕೆ ಗೋಡೆಯ ಕ್ಯಾಲೆಂಡರೇ ಗತಿ. ಅದು ಕೆಟ್ಟದ್ದೇನೂ ಅಲ್ಲ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಗುಳಿಗೆ ಮುಗಿಯುವ ದಿನ ಎಲ್ಲ ಅಲ್ಲಿರುತ್ತದೆ. ಆದರೆ ಕ್ಯಾಲೆಂಡರ್ ಮನೆಯಲ್ಲಿ, ಕೆಲಸದವರು ಹೊರಗೆ.

ಮನೆಗೊಂದೇ ಟಚ್ ಫೋನ್

ಕೈ ಬಿಗಿ ಇರುವ ಮನೆಗಳಲ್ಲಿ ಇದೇ ಜಾಸ್ತಿ. ಯಜಮಾನನ ಕೈಯಲ್ಲಿ ಟಚ್ ಫೋನ್, ಮಿಕ್ಕವರಿಗೆ ಏನೂ ಇಲ್ಲ. ಅವನು ಬೆಳಗ್ಗೆ ಕೆಲಸಕ್ಕೆ ಹೋದರೆ ಶಾಲೆಯ ಮೆಸೇಜ್, ಗೃಹಲಕ್ಷ್ಮಿ ದುಡ್ಡು ಬಂದ ಎಸ್‌ಎಂಎಸ್, ಓಟಿಪಿ ಎಲ್ಲವೂ ಅವನ ಜೇಬಿನಲ್ಲಿ. ಹೆಂಡತಿಗೆ ಗೊತ್ತಾಗುವುದು ರಾತ್ರಿ ಎಂಟಕ್ಕೆ. ಅವಳ ದುಡ್ಡಿನ ಸುದ್ದಿಯೂ ಮೊದಲು ಅವನಿಗೇ. ನನಗಿದು ಸುತರಾಂ ಇಷ್ಟವಿಲ್ಲ.

ಒಂದೇ ಫೋನ್ ಅಂತಾದರೆ ಅದನ್ನು ಮನೆಯಲ್ಲಿ ಬಿಡಿ, ಹಳೇ ಲ್ಯಾಂಡ್‌ಲೈನ್ ಥರ. ಹೊರಗೆ ಹೋಗುವವರ ಕೈಗೆ ಸಾದಾ ಫೋನ್ ಕೊಡಿ. ಜೇಬಿಗೆ ಹತ್ತಾರು ಸಾವಿರ ಕಡಿಮೆ ಹೊರೆ, ಕೆಲಸ ಎರಡೂ ಕಡೆ ಆಗುತ್ತದೆ. ಆದರೆ ಯುಪಿಐ ಪಿನ್ ಮಕ್ಕಳ ಬಾಯಲ್ಲಿ ಓಡಾಡಬಾರದು. ಮಗುವಿಗೆ ಓದಲು ಕೊಡುವಾಗ ಸ್ಕ್ರೀನ್ ಪಿನ್ ಮಾಡಿ ಕೊಡಿ. ಆ ಒಂದು ಆ್ಯಪ್ ಬಿಟ್ಟು ಹೊರಬರಬೇಕಾದರೆ ಲಾಕ್ ನಂಬರ್ ಕೇಳುವ ಹಾಗೆ ಇಡಬಹುದು. ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಹುಡುಕಿದರೆ ಸಿಗುತ್ತದೆ.

ಎಲ್ಲರಿಗೂ ಟಚ್ ಫೋನ್, ಒಂದು ವಾಟ್ಸಾಪ್ ಗ್ರೂಪ್

ನಮ್ಮ ಮನೆಯೂ ಇದೇ. ಹಾಗಾಗಿ ಇದರ ಗುಣಕ್ಕಿಂತ ಅವಗುಣ ನನಗೆ ಚೆನ್ನಾಗಿ ಗೊತ್ತು.

ಹೋದ ವರ್ಷ ಮಳೆಗಾಲದಲ್ಲಿ ಒಂದು ದಿನ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಮೆಸೇಜ್ ಬಂದಿತ್ತು. ನಮ್ಮ ಯಜಮಾನರು ಅದನ್ನು ಮನೆಯ ಗ್ರೂಪ್‌ಗೆ ಹಾಕಿದ್ದರು. ಅಂದು ಯಾರದೋ ಹುಟ್ಟುಹಬ್ಬ. ಕೇಕ್, ಗುಲಾಬಿ, ಕೈಮುಗಿದ ಚಿತ್ರ, ದೇವರ ಫೋಟೋ, ಎಲ್ಲ ಸೇರಿ ಎಪ್ಪತ್ತೋ ಎಂಬತ್ತೋ ಮೆಸೇಜ್. ಅದರಡಿ ಶಾಲೆಯ ಸುದ್ದಿ ಹೂತುಹೋಯಿತು. ಮಗಳು ಗೇಟಿನ ಹತ್ತಿರ ಕೊಡೆ ಹಿಡಿದುಕೊಂಡು ಮುಕ್ಕಾಲು ಗಂಟೆ ನಿಂತಿದ್ದಳು. ಮೆಸೇಜ್ ಮುಟ್ಟಿತ್ತು, ಆದರೆ ಉಳಿದವರು ಯಾರೂ ನೋಡಿರಲಿಲ್ಲ.

ಅಂದೇ ರಾತ್ರಿ ಎರಡು ಗ್ರೂಪ್ ಮಾಡಿದೆವು. "ಬಳಗ"ದಲ್ಲಿ ಎಲ್ಲರೂ ಇದ್ದಾರೆ, ಏನು ಬೇಕಾದರೂ ಹಾಕಬಹುದು, ಅದನ್ನು ನಾನು ಮ್ಯೂಟ್ ಮಾಡಿದ್ದೇನೆ. "ಮನಿ ಕೆಲಸ"ದಲ್ಲಿ ನಾಲ್ಕೇ ಜನ. ಅದಕ್ಕೆ ಬೇರೆ ರಿಂಗ್‌ಟೋನ್ ಇಟ್ಟಿದ್ದೇನೆ. ಶುಭೋದಯ ಹಾಕಿದವರಿಗೆ ಅವತ್ತು ಪಾತ್ರೆ ತೊಳೆಯುವ ಶಿಕ್ಷೆ. ಮುಖ್ಯವಾದ ಮೆಸೇಜ್ ಪಿನ್ ಮಾಡುತ್ತೇವೆ. ಒಂದು ಚಾಟ್‌ನಲ್ಲಿ ಮೂರರವರೆಗೆ ಪಿನ್ ಮಾಡಬಹುದು, ಒಂದು ದಿನ, ಏಳು ದಿನ ಅಥವಾ 30 ದಿನ ಅದು ಮೇಲೇ ಇರುತ್ತದೆ. ರಾತ್ರಿ ಬಸ್ಸಿಗೆ ಬರುವವರು ಲೈವ್ ಲೊಕೇಶನ್ ಹಾಕುತ್ತಾರೆ. 15 ನಿಮಿಷ, ಒಂದು ಗಂಟೆ, ಎಂಟು ಗಂಟೆ ಅಂತ ಮೂರು ಆಯ್ಕೆ. "ಎಲ್ಲಿದ್ದೀ, ಎಲ್ಲಿದ್ದೀ" ಅಂತ ಹತ್ತು ಫೋನ್ ಮಾಡುವುದು ತಪ್ಪಿತು.

ಗ್ರೂಪ್‌ನ ದೊಡ್ಡ ಗುಣ ವಾಯ್ಸ್ ಮೆಸೇಜ್. ನಮ್ಮ ಅಣ್ಣ ಬೆಳಗಾವಿಯಲ್ಲಿದ್ದಾನೆ. ಅತ್ತಿಗೆ ಮರಾಠಿ ಮನೆಯವರು. ಕನ್ನಡ ಪಟಪಟ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನನಗೆ ಮರಾಠಿ ಅರ್ಥವಾಗುತ್ತದೆ, ಓದುವಾಗ ತಡವರಿಸುತ್ತೇನೆ. ಟೈಪ್ ಮಾಡುತ್ತಾ ಕೂತಿದ್ದರೆ ಇಬ್ಬರಿಗೂ ಕಷ್ಟ. ಈಗ ಅವರು ಮರಾಠಿಯಲ್ಲಿ ಹೇಳಿ ಕಳಿಸುತ್ತಾರೆ, ನಾನು ಕನ್ನಡದಲ್ಲಿ ಹೇಳಿ ಕಳಿಸುತ್ತೇನೆ. ಗಡಿ ತಂಟೆ ನಮ್ಮ ಮನೆಯಲ್ಲಿ ಹೀಗೆ ಬಗೆಹರಿಯಿತು.

ಆದರೆ ಎರಡನೆಯ ಅಳತೆಯಲ್ಲಿ ಗ್ರೂಪ್‌ಗೆ ಪಾಸ್ ಮಾರ್ಕ್ಸ್ ಕೊಡುವುದೂ ಕಷ್ಟ. "ಗ್ಯಾಸ್ ಮುಗೀತು" ಅಂತ ಹಾಕಿ ನೋಡಿ. ಎಲ್ಲರ ನೀಲಿ ಗೆರೆ ಬೀಳುತ್ತದೆ. ಮೂವರು ಹೆಬ್ಬೆಟ್ಟು ಒತ್ತುತ್ತಾರೆ. ಬುಕ್ ಮಾತ್ರ ಯಾರೂ ಮಾಡಿರುವುದಿಲ್ಲ, ಇನ್ನೊಬ್ಬರು ಮಾಡಿರುತ್ತಾರೆ ಅಂತ ಎಲ್ಲರ ಲೆಕ್ಕ. ನಮ್ಮಲ್ಲೀಗ ಹೆಬ್ಬೆಟ್ಟು ಬಂದ್. ಮಾಡುವವರು "ನಾ ಮಾಡ್ತೀನಿ" ಅಂತ ಹಾಕಬೇಕು. ಅಷ್ಟಾದರೂ ಗ್ರೂಪ್ ಯಾವುದನ್ನೂ ತಾನಾಗಿ ಸಮಯಕ್ಕೆ ನೆನಪಿಸುವುದಿಲ್ಲ, ಯಾರೋ ಒಬ್ಬರು ಹಾಕಬೇಕು. ಆ ಯಾರೋ ಒಬ್ಬರು ಯಾರು ಅಂತ ನಿಮಗೂ ಗೊತ್ತು, ಅಲ್ವಾ?

ಖರ್ಚು ಗಟ್ಟಿ. ದಿನಕ್ಕೆ ಒಂದೂವರೆ, ಎರಡು ಜಿಬಿ ಕೊಡುವ 28 ದಿನದ ಪ್ಯಾಕ್‌ಗೆ 350 ಅಂತ ಹಿಡಿಯಿರಿ. ನಾಲ್ಕು ಜನ, 13 ಸಲ, 18,200 ರೂಪಾಯಿ. ಫೋನ್‌ಗಳ ಬೆಲೆ ಬೇರೆ. ಮನೆಯಲ್ಲಿ ಕೇಬಲ್‌ನವರ ವೈಫೈ ಇದ್ದರೆ, ಮನೆಯಲ್ಲೇ ಇರುವವರಿಗೆ ಮಾತಿನ ಪ್ಯಾಕ್ ಹಾಕಿಸಿ. ವಾಟ್ಸಾಪ್ ವೈಫೈನಲ್ಲಿ ನಡೆಯುತ್ತದೆ.

ಒಂದೇ ಕ್ಯಾಲೆಂಡರ್

ಅಣ್ಣ ಬೆಳಗಾವಿ ಉದ್ಯಮಬಾಗದಲ್ಲಿ ಕೆಲಸ ಮಾಡುತ್ತಾನೆ, ಅವನದು ಶಿಫ್ಟ್. ಅತ್ತಿಗೆಯದು ಆಸ್ಪತ್ರೆ ಡ್ಯೂಟಿ, ಅದೂ ಶಿಫ್ಟೇ. ಇಬ್ಬರು ಮಕ್ಕಳು. ಈ ವಾರ ಯಾವ ದಿನ ಯಾರು ಮನೆಯಲ್ಲಿ ಅನ್ನುವುದೇ ಅವರಿಗೆ ಒಗಟು. ಅಂಥ ಮನೆಗೆ ಗೂಗಲ್ ಕ್ಯಾಲೆಂಡರ್ ಹೇಳಿ ಮಾಡಿಸಿದ್ದು.

ಗೂಗಲ್‌ನಲ್ಲಿ ಫ್ಯಾಮಿಲಿ ಗ್ರೂಪ್ ಮಾಡಿಕೊಂಡರೆ ಆರು ಜನರವರೆಗೆ ಸೇರಬಹುದು. ಸೇರಿದವರೆಲ್ಲರ ಫೋನ್‌ಗೂ "ಫ್ಯಾಮಿಲಿ" ಅನ್ನುವ ಒಂದು ಕ್ಯಾಲೆಂಡರ್ ತಾನಾಗೇ ಬರುತ್ತದೆ. ದುಡ್ಡು ಕೊಡಬೇಕಿಲ್ಲ. ಒಬ್ಬರು ಬರೆದದ್ದು ಎಲ್ಲರಿಗೂ ಕಾಣುತ್ತದೆ. ಪ್ರತಿ 25ನೇ ತಾರೀಕು ಮಾತ್ರೆ ತರಬೇಕು ಅಂತ ಒಮ್ಮೆ ಹಾಕಿದರೆ ಪ್ರತಿ ತಿಂಗಳೂ ಅದೇ ನೆನಪಿಸುತ್ತದೆ. ಹಿಂದಿನ ದಿನ ರಾತ್ರಿ ಒಂದು ಸಲ, ಒಂದು ಗಂಟೆ ಮುಂಚೆ ಇನ್ನೊಂದು ಸಲ ಎಚ್ಚರಿಸು ಅಂತ ಹೇಳಬಹುದು. ಟೈಪ್ ಮಾಡಲು ಬೇಜಾರಾದರೆ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಕಿರಾಣಿ ಪಟ್ಟಿಗೆ ಗೂಗಲ್ ಕೀಪ್ ಅನ್ನುವ ಆ್ಯಪ್, ಪಟ್ಟಿಯನ್ನು ಮನೆಯವರ ಜೊತೆ ಹಂಚಿಕೊಂಡಿರಬೇಕು. ಅಂಗಡಿಯಲ್ಲಿ ನಿಂತವನು ಸಕ್ಕರೆಗೆ ಟಿಕ್ ಹಾಕಿದರೆ ಮನೆಯಲ್ಲಿ ಕೂತವಳಿಗೆ ಕಾಣುತ್ತದೆ.

ಮೊದಲ ಎರಡು ತಿಂಗಳು ಇದು ಅವರಲ್ಲಿ ಸೋತಿತ್ತು. ಎಲ್ಲವನ್ನೂ ಅತ್ತಿಗೆಯೇ ತುಂಬುತ್ತಿದ್ದರು. "ಮೊದಲು ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ, ಈಗ ಟೈಪೂ ಮಾಡಬೇಕು" ಅಂತ ಅವರ ಗೋಳು. ಆಮೇಲೆ ಭಾನುವಾರ ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ, ಅವರವರದನ್ನು ಅವರವರೇ ಹಾಕಬೇಕು ಅಂತ ಮಾಡಿಕೊಂಡರು. ದೊಡ್ಡ ಮಗನ ಪರೀಕ್ಷೆ ಅವನೇ ಹಾಕಬೇಕು. ಹಾಕದಿದ್ದರೆ ಬೆಳಗ್ಗೆ ಯಾರೂ ಎಬ್ಬಿಸುವುದಿಲ್ಲ. ಒಂದು ಸಲ ಹಾಗೇ ಆಯಿತಂತೆ. ಆಮೇಲೆ ಮರೆತಿಲ್ಲ.

ಒಂದು ಎಚ್ಚರಿಕೆ. ಇದೆಲ್ಲ ನಿಂತಿರುವುದು ಜಿಮೇಲ್ ಮೇಲೆ. ಪಾಸ್‌ವರ್ಡ್ ಮರೆತವರು ದಿನಕ್ಕೊಬ್ಬರಾದರೂ ನಮ್ಮ ಅಂಗಡಿಗೆ ಬರುತ್ತಾರೆ. ಮೊದಲ ಫೋನ್ ಕೊಂಡಾಗ ಅಂಗಡಿಯವರೇ ಯಾವುದೋ ಹೆಸರಲ್ಲಿ ಮಾಡಿಕೊಟ್ಟ ಅಕೌಂಟ್ ಅದು. ನಿಮ್ಮದು ಯಾವುದು ಅಂತ ಇವತ್ತೇ ನೋಡಿ, ಒಂದು ವಹಿಯಲ್ಲಿ ಬರೆದು ಬೀರುವಿನಲ್ಲಿಡಿ. *#06# ಒತ್ತಿದರೆ ಬರುವ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರೂ ಅದೇ ಪುಟದಲ್ಲಿರಲಿ. ಫೋನ್ ಕಳೆದರೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಬ್ಲಾಕ್ ಮಾಡಿಸಲು ಅದು ಬೇಕು.

ಹೊಲದ ಮನೆಗೆ ಬೇರೆಯೇ ಲೆಕ್ಕ

ವಿಜಯಪುರ ಜಿಲ್ಲೆಯ ಇಂಡಿ ಕಡೆ ನಮ್ಮ ಚಿಕ್ಕಮ್ಮನ ಮನೆ, ನಿಂಬೆ ತೋಟ. ಅಲ್ಲಿ ಫೋನಿನ ಮೊದಲ ಕೆಲಸ ಪಂಪ್‌ಸೆಟ್. ಫೋನಿನಿಂದಲೇ ಮೋಟಾರ್ ನಡೆಸುವ ಮೊಬೈಲ್ ಸ್ಟಾರ್ಟರ್‌ಗೆ ಒಂದು ಸಿಮ್ ಹಾಕಿರುತ್ತಾರೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಅದು ಚಿಕ್ಕಪ್ಪನಿಗೆ ಕರೆ ಮಾಡುತ್ತದೆ. ಅವರು ಹಾಸಿಗೆಯಲ್ಲೇ ಬಟನ್ ಒತ್ತಿ ಮೋಟಾರ್ ಚಾಲು ಮಾಡುತ್ತಾರೆ. ಕತ್ತಲಲ್ಲಿ, ಹಾವು-ಚೇಳಿನ ನಡುವೆ ಓಡುವುದು ತಪ್ಪಿತು. ಆದರೆ ಆ ಸಿಮ್‌ಗೂ ರೀಚಾರ್ಜ್ ಬೇಕು ಅನ್ನುವುದು ಬಹಳ ಮಂದಿಗೆ ಮರೆತೇಹೋಗುತ್ತದೆ. ಅದಕ್ಕೆ ಮಾತಿನ ಪ್ಯಾಕ್ ಸಾಕು.

ಚಿಕ್ಕಪ್ಪ ಹೊಲಕ್ಕೆ ಟಚ್ ಫೋನ್ ಒಯ್ಯುವುದಿಲ್ಲ. ಒದ್ದೆ ಕೈ, ಮಣ್ಣು, ಬಿಸಿಲು. ಸಾದಾ ಫೋನ್ ಮೂರು ದಿನ ಚಾರ್ಜ್ ಕೇಳುವುದಿಲ್ಲ. ಟಚ್ ಫೋನ್ ಚಿಕ್ಕಮ್ಮನ ಹತ್ತಿರ, ನಿಂಬೆಯ ರೇಟು ನೋಡುವುದೂ ಅವರೇ. ಮೊದಲು ರೇಟು ಕೇಳಲು ಚಿಕ್ಕಪ್ಪ ಕಟ್ಟೆಗೆ ಹೋಗುತ್ತಿದ್ದರು. ಈಗ ಹೆಂಡತಿಯನ್ನು ಕೇಳುತ್ತಾರೆ.

ದುಡ್ಡು, ಮಕ್ಕಳು

ಮನೆಯ ಒಬ್ಬರ ಖಾತೆಯಿಂದ ಇನ್ನೊಬ್ಬರು ಖರ್ಚು ಮಾಡಬೇಕಾದರೆ ಪಿನ್ ಹೇಳಿಕೊಡಬೇಡಿ. 2024ರಲ್ಲಿ ಯುಪಿಐ ಸರ್ಕಲ್ ಅಂತ ಬಂದಿದೆ. ನಿಮ್ಮ ಖಾತೆಗೆ ಐದು ಜನರವರೆಗೆ ಸೇರಿಸಬಹುದು. ಪ್ರತಿ ಸಲ ನಿಮ್ಮನ್ನು ಕೇಳಿಯೇ ದುಡ್ಡು ಹೋಗಬೇಕು ಅಂತಲೂ ಮಾಡಬಹುದು, ತಿಂಗಳಿಗೆ ಇಷ್ಟು ಅಂತ ಬಿಟ್ಟುಕೊಡಲೂಬಹುದು. ಹಾಗೆ ಬಿಟ್ಟುಕೊಟ್ಟರೆ ತಿಂಗಳ ಗರಿಷ್ಠ ಮಿತಿ 15,000. ಹಾಸ್ಟೆಲ್‌ನಲ್ಲಿರುವ ಮಕ್ಕಳಿಗೆ ಇದು ಬಹಳ ಅನುಕೂಲ. ಸಾದಾ ಫೋನ್‌ನವರಿಗೆ ಇಂಟರ್ನೆಟ್ ಇಲ್ಲದೆ ನಡೆಯುವ ಯುಪಿಐ 123ಪೇ ಇದೆ, ಒಂದು ಸಲಕ್ಕೆ 10,000ದವರೆಗೆ. ದುಡ್ಡು ಮೋಸ ಹೋಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ಆ ನಂಬರ್ ಫ್ರಿಜ್ ಮೇಲೆ ಅಂಟಿಸಿ.

ಸಣ್ಣ ಮಕ್ಕಳಿಗೆ ಸಿಮ್ ಹಾಕುವ ವಾಚ್ ಬೇಕಾ ಅಂತ ಕೇಳುತ್ತಾರೆ. ನಾನು ಮಾರುತ್ತೇನೆ, ಆದರೆ ಬೇಡ ಅಂತಲೇ ಹೇಳುತ್ತೇನೆ. ಇನ್ನೊಂದು ರೀಚಾರ್ಜ್, ಇನ್ನೊಂದು ಚಾರ್ಜರ್, ಮೇಲಾಗಿ ಎಷ್ಟೋ ಶಾಲೆಗಳು ಒಳಗೆ ಬಿಡುವುದಿಲ್ಲ. ಮಗು ಒಂಟಿಯಾಗಿ ಓಡಾಡಲು ಶುರು ಮಾಡಿದ ಮೇಲೆ ನೋಡೋಣ. ಹಳೇ ಟಚ್ ಫೋನ್ ಮಗುವಿಗೆ ಕೊಡುವುದಾದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ ಕೊಡಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಬಂದ್, ಯಾವ ಆ್ಯಪ್ ಬೇಕು ಎಲ್ಲ ನಿಮ್ಮ ಫೋನ್‌ನಿಂದಲೇ ಆಗುತ್ತದೆ.

ನಿಮ್ಮ ಮನೆಗೆ ಯಾವುದು

ಹತ್ತು ಹನ್ನೆರಡು ಸಾವಿರದೊಳಗೆ ಮುಗಿಸಬೇಕಾ? ಒಂದು ಟಚ್ ಫೋನ್, ಒಂದು ಸಾದಾ ಫೋನ್. ಟಚ್ ಫೋನ್ ಶಾಲೆಯ ಮೆಸೇಜ್ ನೋಡುವವರ ಕೈಯಲ್ಲಿರಲಿ, ಅವರು ಮನೆಯ ಯಜಮಾನರೇ ಆಗಬೇಕಿಲ್ಲ. ಹಿರಿಯರಿರುವ ಮನೆಯಾದರೆ ಅವರಿಗೆ ಸಾದಾ ಫೋನ್ ಬಿಟ್ಟು ಬೇರೆ ಯೋಚನೆ ಬೇಡ. ಅವರೇ ವಿಡಿಯೋ ಕಾಲ್ ಕೇಳಿದರೆ ಮಾತು ಬೇರೆ. ಗಂಡ-ಹೆಂಡತಿ ಇಬ್ಬರೂ ದುಡಿಯುತ್ತಿದ್ದು ಸಮಯ ದಿನಕ್ಕೊಂದು ಥರ ಇದ್ದರೆ ಕ್ಯಾಲೆಂಡರ್‌ಗೆ ಹೋಗಿ, ಆದರೆ ತುಂಬುವವರು ಇಬ್ಬರೂ ಅಂತ ಮೊದಲೇ ಮಾತಾಗಲಿ. ಒಬ್ಬರು ಮನೆಯಲ್ಲೇ ಇದ್ದು ಸಮಯ ಬದಲಾಗದ ಮನೆಗೆ ಕ್ಯಾಲೆಂಡರ್ ಸುಮ್ನೆ ತಲೆನೋವು. ಒಂದು ಸಣ್ಣ ಗ್ರೂಪ್, ಗೋಡೆಯ ಮೇಲೊಂದು ಪಂಚಾಂಗ, ಸಾಕು.

ಐದು ಮಂದಿಯ ಮನೆಯ ಆ ಅಕ್ಕ ಕೊನೆಗೆ ತನಗೊಂದು ಟಚ್ ಫೋನ್, ಅತ್ತೆಗೊಂದು ಸಾದಾ ಫೋನ್ ತಗೊಂಡರು. ಗಂಡನದು ಹಳೆಯದೇ ಮುಂದುವರಿಯಿತು. ಸ್ಪೀಡ್ ಡಯಲ್ ನಾನೇ ಹಾಕಿಕೊಡಲು ಹೋದೆ. 2ಕ್ಕೆ ಮಗ ಅಂದರು. ಬೇಡ, ಅತ್ತೆಯನ್ನೇ ಕೇಳಿ ಬನ್ನಿ ಅಂದೆ. ಮರುದಿನ ಅತ್ತೆಯೇ ಬಂದರು. 2ಕ್ಕೆ ಮಗನೂ ಬೇಡ, ಸೊಸೆಯೂ ಬೇಡವಂತೆ, ಅವರಿಬ್ಬರೂ ಮನೆಯಲ್ಲೇ ಇದ್ದಾರಲ್ಲ. ಮುಧೋಳದಲ್ಲಿರುವ ತಂಗಿಯ ನಂಬರ್ ಹಾಕಿಸಿಕೊಂಡು, ಅಂಗಡಿಯ ಮೆಟ್ಟಿಲ ಮೇಲೇ ಕೂತು, ಅರ್ಧ ಗಂಟೆ ಮಾತಾಡಿ ಹೋದರು.